ಬಾತಿಗೆ ಇಟ್ಟ ಕಣ್ಣು

ನೋಡುತ್ತಿದೆ ಮತ್ತೆ, ಕಟ್ಟೆಯ ಮೇಲೆ ಕೂಡಿಸಿದರೂ ನೋಡುತ್ತಿದೆ, ನೆಲಕ್ಕಿಟ್ಟರೂ ನೋಡುತ್ತಿದೆ, ಎರಡೂ ಕಣ್ಣು ಮುಂದಕ್ಕೆ, ನೆಟ್ಟಗೆ, ಬಾತುಕೋಳಿ ಎಲ್ಲಾದರೂ ಹೀಗೆ ಎದುರಿಗಿದ್ದವನ ಮುಖ ನೋಡುತ್ತದೆಯೆ, ಅದರ ಕಣ್ಣು ತಲೆಯ ಆಚೆಗೊಂದು ಈಚೆಗೊಂದು, ಒಂದನೆಯ ತರಗತಿಯ ಹುಡುಗನಿಗೂ ಗೊತ್ತು, ಎಂಬತ್ತೊಂದರಿಂದ ಆರು ವರ್ಷ ಕಲಬುರಗಿಯ ಶಾಲೆಯಲ್ಲಿ ಕೋಳಿ, ಹಂಸ, ನವಿಲು ಬರೆಸಿದ ಚಿತ್ರಕಲೆಯ ಮಾಸ್ತರನಿಗೆ, ಅಂದರೆ ನನಗೆ, ಹೊಳೆಯಲಿಲ್ಲ — ಮಾಸ್ತರನೂ ಅಲ್ಲ, ಹಂಗಾಮಿ ಮಾಸ್ತರ, ಅದಕ್ಕೇ ಅಲ್ಲವೆ ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷರು ಸ್ಟಾಫ್ ರೂಮಿಗೇ ಬಂದು ಅಂದದ್ದು, ಸಾತಲಿಂಗಪ್ಪ, ನಿಮ್ಮ ಕಮಲಾಪುರದ ಕೆರಿಗಿ ಕಾಡುಬಾತು ಇಳೀತಾವಂತಲ್ಲ, ಮರದ್ದೊಂದು ಬಾತು ಮಾಡಿ ನೀರಾಗ ಬಿಡ್ರಿ, ಅದನ್ನ ನೋಡಿ ಖರೇ ಬಾತು ಬಂದ್ರ ನಮ್ಮ ಬಂದೂಕಿಗಿ ಕೆಲಸ, ನಿಮ್ಮ ಕಾಯಂ ಆರ್ಡರಿಗಿ ಸಹಿ. ಸೀಮೆಸುಣ್ಣ ಹಿಡಿದ ಕೈ ಉಳಿ ಹಿಡಿಯಬೇಕಾಯಿತು, ಬಡಿಗೇರ ಪೀರಪ್ಪನ ಮನೆಗೆ ಹೋದೆ, ಅವನು ಜನ್ಮದಲ್ಲಿ ಕೆತ್ತಿದ್ದು ಊರೂರಿನ ಗ್ರಾಮದೇವತೆ ಮರಗಮ್ಮಂದಿರನ್ನು, ಹಾಲವಾಣ ಮರದ ತುಂಡು ಕೊಟ್ಟು ಹೇಳಿದ, ಮಾರಿ ನಡುವ ಒಂದು ಗೆರಿ ಹೊಡೀರಿ, ಎಡಕ ಬಲಕ ಸಮ ಅಳೀರಿ, ಕಣ್ಣ ಕಡೀಕ. ಬಾತಿಗೆ ಅಂಥ ಮೋರೆ ಎಲ್ಲಿದೆ ಪೀರಪ್ಪ ಎಂದು ಕೇಳಬೇಕಿತ್ತು, ಕೇಳಲಿಲ್ಲ, ಉಳಿ ಹೆಬ್ಬೆರಳಿಗೆ ತಾಗಿತ್ತು, ಬಾಲ ಒಮ್ಮೆ ಮುರಿದಿತ್ತು, ಸೂಪರ್ ಮಾರ್ಕೆಟ್ಟಿನಿಂದ ತಂದ ಹಸಿರು ಬಣ್ಣ ಎರಡು ದಿನ ಆರದೆ ಅಂಗಳದ ನೊಣಗಳೆಲ್ಲ ಕುತ್ತಿಗೆಗೆ ಅಂಟಿದ್ದವು, ಬೇಸತ್ತು ಕಣ್ಣನ್ನೂ ಅವನ ಅಳತೆಗೇ ಇಟ್ಟೆ, ಮೀನಿನಂತೆ ಉದ್ದ, ತುದಿಗೆ ಕೆಂಪು, ನಡುವೆ ಕರೀ ಗುಡ್ಡೆ — ಇವತ್ತು ಬೆಳಿಗ್ಗೆ ಕೆರೆಗೆ ಬಿಟ್ಟರೆ ತೇಲಿತು, ಅದೊಂದು ಪುಣ್ಯ, ಹನ್ನೆರಡು ಬಾತು ಇಳಿದವು ಕೂಡ, ಗಾಳಿಗೆ ಇದು ಮೆಲ್ಲಗೆ ಮುಖ ತಿರುಗಿಸಿತು, ಹನ್ನೆರಡೂ ಒಟ್ಟಿಗೆ ಎದ್ದು ಮಹಾಗಾಂವದ ಕಡೆ ಹೋದವು, ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಮಸ್ತಾನಬಿ ಅಂದಳು, ಮಾಸ್ತರ್, ನಿಮ್ಮ ಬಾತು ನಮ್ಮ ಅತ್ತಿ ನೋಡ್ದಂಗ ನೋಡ್ತದ, ಅವು ಪಾಪ ಏನ್ ಮಾಡ್ತಾವ, ನಾನೂ ಎದ್ದು ಹೋಗಾಕಿನೇ ಇದ್ದೆ. ಈ ಕಣ್ಣು ಉಜ್ಜಿ ತೆಗೆದು ತಲೆಯ ಮಗ್ಗುಲಿಗೆ ಬರೆದರಾಯಿತು, ಹನ್ನೊಂದಕ್ಕೆ ಅಧ್ಯಕ್ಷರ ಜೀಪು, ಉಸುಕಿನ ಕಾಗದ ಹುಡುಕಿ ತರುವಷ್ಟರಲ್ಲಿ ಅವ್ವ ಅದರ ಹಣೆಗೆ ವಿಭೂತಿ ಎಳೆದು, ಕೊಕ್ಕಿಗೆ ಬೆಲ್ಲ ಹಚ್ಚಿ, ಕೈಮುಗಿದು ನಿಂತಿದ್ದಾಳೆ. ಯವ್ವಾ, ಅದು ಬಾತು. ಬಾತೇ ಇರ್ಲಿ ಯಪ್ಪಾ, ಕಣ್ಣ ಬಂದಾವಲ್ಲ. ಪೀರಪ್ಪನನ್ನು ಕರೆಸಿದರೆ ಅವನೂ ಅದೇ, ಇಟ್ಟ ಕಣ್ಣ ತೆಗೀಬಾರದ್ರಿ ಮಾಸ್ತರ್, ಮರ ಲಡ್ಡಾಗಿ ಪುಡಿ ಉದುರಿದ್ರ ಅಮ್ಮನ್ನ ಹೊಳಿಗಿ ಬಿಡ್ತೀವಿ, ಕಣ್ಣಿಗಿ ಮಾತ್ರ ಉಳಿ ಹಚ್ಚಂಗಿಲ್ಲ. ಗಣಪತಿ ಮಾಡಲು ಹೋಗಿ ಅವನಪ್ಪನನ್ನು ಮಾಡಿದರಂತೆ, ಅದಾದರೂ ಒಂದೇ ಮನೆತನ, ನಾನು ಬಾತು ಮಾಡಲು ಹೋಗಿ — ಅಧ್ಯಕ್ಷರಿಗೆ ಏನೆಂದು ಹೇಳಲಿ, ಸಾಹೇಬ್ರ, ಬಾತು ಬರೂದಿಲ್ರಿ, ಭಕ್ತರು ಬೇಕಾದ್ರ ಬರ್ತಾರ — ಪ್ರತಿ ಜೂನಿಗೆ ಹೊಸ ಅರ್ಜಿ, ಮಕ್ಕಳೆದುರಿಗೇ ಏ ಹಂಗಾಮಿ ಎನ್ನುವ ಹೆಡ್‌ಮಾಸ್ತರು, ಸಾಕು, ಮರ ಇದು, ಒಲೆಗೂ ಆಗದ ಹಾಲವಾಣ, ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಾಳೆ, ಎಡಗಣ್ಣಿನ ಮೇಲೆ ಕಾಗದ ಇಟ್ಟೆ, ಒಂದು ಸಲ, ಎರಡು ಸಲ, ಕಪ್ಪು ಹೋಯಿತು, ಬಿಳಿ ಹೋಯಿತು, ಕಟ್ಟಿಗೆ ಕಂಡಿತು — ರೊಟ್ಟಿಯ ಸಪ್ಪಳ ನಿಂತಿದೆ, ಊರ ಅಗಸಿ ಬಾಗಿಲ ಹತ್ತಿರ ಜೀಪಿನ ಹಾರ್ನು, ಬಲಗಣ್ಣಿಗೆ ಕೈ ಒಯ್ದೆ, ಕೈ ಅಲ್ಲೇ ನಿಂತಿತು, ಒಂದು ಕಣ್ಣು, ಒಂದೇ ಕಣ್ಣು, ನೆಟ್ಟಗೆ, ನನ್ನನ್ನೇ —