ಕಂಬಿ ಕಾಯುವ ಕೆಂಚ

ಬೆಕ್ಕಿಗೂ ಒಂದು ಬುಟ್ಟಿ, ಬುಟ್ಟಿಗೂ ಒಂದು ಕಿಟಕಿ, ಎದುರು ಕೂತ ಮೇಡಂ ತೊಡೆಯ ಮೇಲಿಂದ ಎರಡು ಹಸಿರು ಕಣ್ಣು ಹೊಳೆವ್ವನನ್ನೇ ನೋಡುತ್ತಿವೆ, ನೋಡಿಕೋ ತಾಯಿ ನೋಡಿಕೋ, ಸರ್ಜಾಪುರದ ಈ ದನದ ಆಸ್ಪತ್ರೆಯ ಬೆಂಚಿನ ಮೇಲೆ ಬೆಳಗಿನಿಂದ ಕೂತು ಸೊಂಟ ಹಿಡಿದುಹೋಗಿದೆ, ಪಾದದ ಮೇಲೆ ನಾಯಿ ಕೆಂಚ ತಲೆಯಿಟ್ಟು ಮಲಗಿದ್ದಾನೆ, ಏನೂ ಮಾಡದವನ ಹಾಗೆ — ಡಾಕ್ಟರು ಎರಡು ಸಲ ಬಂದು ಕೇಳಿ ಹೋದರು, ಏನಮ್ಮಾ, ಯೋಚ್ನೆ ಮಾಡಿದ್ರಾ, ಕಚ್ಚಿದ್ಮೇಲೆ ಹತ್ತು ದಿನ ನೋಡಿದ್ದಾಯ್ತು, ಇದಕ್ಕೆ ಹುಚ್ಚಿಲ್ಲ, ಸಾಕಿದೋರು ನೀವು, ನೀವು ಹೇಳಿದ್ರೆ ಮಾತ್ರ ಸಾಯಿಸೋ ಇಂಜೆಕ್ಷನ್. ಹುಚ್ಚು ಹಿಡಿದಿದ್ದರೆ ಎಷ್ಟು ಸಲೀಸಾಗಿರುತ್ತಿತ್ತು, ಇವನಿಗೆ ಹಿಡಿದದ್ದು ಬುದ್ಧಿ, ಅದೂ ತಾನೇ ಹೇಳಿಕೊಟ್ಟದ್ದು, ಕಟ್ಟುತ್ತಿರುವ ಮನೆಯ ಕಾವಲಿಗೆ ಬಂದ ಹೊಸತರಲ್ಲಿ ಕಬ್ಬಿಣದ ಕಂಬಿ ಕಳುವಾಗುತ್ತಿದ್ದವು, ಗಂಡ ಯಮನಪ್ಪ ಕಳ್ಳನ ಹಾಗೆ ಮೆಲ್ಲಗೆ ಬಂದು ಕಂಬಿ ಎತ್ತುವುದು, ಮರಿ ಅವನನ್ನು ಹಿಡಿದೆಳೆಯುವುದು, ಎಳೆದರೆ ತನ್ನ ಕೈಯಿಂದ ಒಂದು ಚೂರು ರೊಟ್ಟಿ, ಹರಿದದ್ದು ನನ್ನ ಧೋತ್ರ, ರೊಟ್ಟಿ ಅದಕ್ಕೇನಬೇ, ಅಂತ ಯಮನಪ್ಪ ಕುಣಿದಾಡಿ, ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇ ನಕ್ಕಿದ್ದು — ಪಕ್ಕದ ಶೆಡ್ಡಿನ ಸವಿತಾ ಬಟ್ಟೆಯ ಹಗ್ಗಕ್ಕೆ ಆಸರೆ ಬೇಕೆಂದು ಒಂದು ಕಂಬಿ ಎತ್ತಿದಳು, ಅಷ್ಟೆ, ಬಲಗೈಯ ಎರಡು ಬೆರಳು ಇನ್ನು ಮಡಚುವುದಿಲ್ಲವಂತೆ, ಸಿಮೆಂಟಿನ ಬಾಂಡ್ಲಿ ಎತ್ತುವ ಕೈ, ಕಚ್ಚಿದವನು ಸೀದಾ ತನ್ನ ಹತ್ತಿರ ಓಡಿ ಬಂದು — ಬೇಡ, ಅದು ನೆನಪಾಗುವುದು ಬೇಡ. ಸವಿತಾ ಬೈಯಲಿಲ್ಲ, ನೀ ಕಲ್ಸಿದ್ದ ಮಾಡೇತಿ ಬಿಡಬೇ ಅದು, ಅಂದಳು, ಬೈದಿದ್ದರೆ ಚೆನ್ನಾಗಿತ್ತು. ಮರಳಿನ ಲಾರಿ ಹತ್ತಿಸಿ ದೂರ ಬಿಟ್ಟುಬಿಡು ಅನ್ನುತ್ತಾನೆ ಯಮನಪ್ಪ, ಅಲ್ಲಿ ಯಾರೂ ಕಂಬಿ ಎತ್ತುವುದಿಲ್ಲವೇ, ಬೆಂಗಳೂರಿನ ಸುತ್ತ ಕಂಬಿಯಿಲ್ಲದ ಜಾಗ ಎಲ್ಲಿದೆ, ಕಟ್ಟಿಯೇ ಹಾಕಿದರೆ — ಸವಿತಾಳ ಕೂಸು ಮೊನ್ನೆಯಿಂದ ಹೆಜ್ಜೆ ಇಡುತ್ತಿದೆ, ಸಿಕ್ಕಿದ್ದನ್ನೆಲ್ಲ ಎತ್ತುತ್ತದೆ, ಹಗ್ಗ ಒಂದು ದಿನ ಸವೆದೇ ಸವೆಯುತ್ತದೆ. ಮನೆ ಕಟ್ಟಿಸುವ ವೀರೇಶ್ ಫೋನಿನಲ್ಲಿ, ತಲೆ ಕೆಡಿಸ್ಕೋಬೇಡ ಹೊಳೆವ್ವ, ಬೇರೆ ಮರಿ ತಂದ್ಕೊಡ್ತೀನಿ, ಅದಕ್ಕೂ ಹಿಂಗೇ ಕಲ್ಸು, ಮರಿ ಬ್ಯಾಡ್ರಿ ಸಾಹೇಬ್ರ ಅನ್ನುವಷ್ಟರಲ್ಲಿ ಫೋನ್ ಇಟ್ಟಾಗಿತ್ತು — ಹೂಂ, ಮಾಡ್ರಿ, ಯಾರು ಅಂದದ್ದು, ತಾನೇ, ಡಾಕ್ಟರು ಕಾಗದ ಹಿಡಿದು ನಿಂತಿದ್ದಾರೆ, ಹೆಬ್ಬೆಟ್ಟಿಗೆ ಮಸಿ ತಣ್ಣಗೆ, ಕೆಂಚ ತಲೆಯೆತ್ತಿ ಕೈಯನ್ನೇ ನೋಡುತ್ತಾನೆ, ಅವತ್ತೂ ಹೀಗೇ, ಸವಿತಾ ಅಲ್ಲಿ ಚೀರುತ್ತಿದ್ದಳು, ಇವನು ಓಡೋಡಿ ಬಂದು ಬಾಲ ಆಡಿಸುತ್ತ ಇದೇ ಕೈ ನೋಡಿದ, ಮೂತಿಯೆಲ್ಲ ರಕ್ತ, ಏನಾಯಿತೆಂದು ತಲೆಗೆ ಹೊಳೆಯುವ ಮೊದಲೇ ಕೈ, ತನ್ನದೇ ಕೈ, ಅವನಿಗೆ ರೊಟ್ಟಿ ಮುರಿದಿತ್ತು, ಕೈ ರೊಟ್ಟಿ ಮುರಿದಿತ್ತು —