ನಾಲಿಗೆಗೆ ಹಚ್ಚದ ಮಣ್ಣು

ನನಗೆ ಸುಳ್ಳು ಹೇಳಲು ಬರುವುದಿಲ್ಲವೆಂದು ನಮ್ಮ ಓಣಿಯವರು ನಂಬಿದ್ದಾರೆ. ಕೊಪ್ಪಳದ ಕಚೇರಿಯೊಂದರ ಬಾಗಿಲಲ್ಲಿ ಇಪ್ಪತ್ತಾರು ವರ್ಷದಿಂದ ಕೂತು, ಸಾಹೇಬರು ಒಳಗಿದ್ದರೂ "ಮೀಟಿಂಗಿಗೆ ಹೋಗ್ಯಾರ್ರಿ" ಎನ್ನುತ್ತಾ ಬಂದ ಜವಾನ ನಾನು. ಆದರೆ ಅದು ಡ್ಯೂಟಿ, ಅದನ್ನು ಸುಳ್ಳೆಂದು ಹಿಡಿಯಬಾರದು. ನಾನು ಹೇಳಹೊರಟಿರುವುದು ಈ ಮೇ ತಿಂಗಳಲ್ಲಿ, ಹಿಟ್ನಾಳದ ನನ್ನ ಮನೆಯ ಮುಂದೆಯೇ ನಿಂತು, ಪಕ್ಕದ ಮನೆಯ ಹಮೀದಾಬಿಗೆ ಹೇಳಿದ ಸುಳ್ಳು.

ನಮ್ಮೆರಡು ಮನೆಗೂ ನಡುವಿನ ಗೋಡೆ ಒಂದೇ. ಮೊದಲು ಎರಡೂ ಮಣ್ಣಿನ ಮಾಳಿಗೆಯ ಮನೆಗಳು. ಜಂತಿ, ಹಲಗೆ, ಅದರ ಮೇಲೆ ಗೇಣು ದಪ್ಪ ಮಣ್ಣು. ಪ್ರತಿ ವರ್ಷ ಜೂನ್ ಮೊದಲಿಗೆ ಮಿರಗದ ಮಳೆ ಕೂಡುವುದರೊಳಗೆ ಆ ಮಾಳಿಗೆಗೆ ಹೊಸದಾಗಿ ಸವಳು ಮಣ್ಣು ಹರಡಿ, ನೀರು ಚಿಮುಕಿಸಿ, ಬಡಿದು ಗಟ್ಟಿ ಮಾಡಬೇಕು. ಎರೆಮಣ್ಣು ಹಾಕಿದರೆ ಬಿರಿಯುತ್ತದೆ, ಕೆಂಪು ಮಣ್ಣು ಹಾಕಿದರೆ ನೀರು ಕುಡಿಯುತ್ತದೆ. ಸವಳು ಮಾತ್ರ ಮೊದಲ ಮಳೆಗೇ ಮೈ ಬಿಗಿದುಕೊಂಡು ಒಂದು ಹನಿಯನ್ನೂ ಒಳಗೆ ಬಿಡುವುದಿಲ್ಲ.

ಆ ಮಣ್ಣು ನಮ್ಮೆರಡೂ ಮನೆಗೆ ಬರುತ್ತಿದ್ದದ್ದು ನನ್ನ ತಂಗಿ ಹುಲಗಮ್ಮನ ಹೊಲದಿಂದ. ಅವಳನ್ನು ಗಂಗಾವತಿ ಕಡೆ, ಕಾಲುವೆ ಕೆಳಗಿನ ಹಳ್ಳಿಗೆ ಕೊಟ್ಟಿದ್ದೇವೆ. ಕಾಲುವೆಯ ನೀರು ನಿಂತು ನಿಂತು ಅವರ ಒಂದೂವರೆ ಎಕರೆ ಬೆಳ್ಳಗೆ ಉಪ್ಪೊಡೆದು ಕೂತಿದೆ. ಭತ್ತದ ಮಾತು ಬಿಡಿ, ಅಲ್ಲಿ ಹುಲ್ಲೂ ಹುಟ್ಟುವುದಿಲ್ಲ. "ನನ್ನ ಹೊಲ ನಿಮ್ಮ ತಲಿ ಮ್ಯಾಲರ ಉಪಯೋಗಕ್ಕ ಬಂತಲ್ಲ, ಬಿಡು" ಎಂದು ತಂಗಿ ಪ್ರತಿ ಸಲ ನಗುತ್ತಿದ್ದಳು.

ಸವಳನ್ನು ಕಣ್ಣಿನಿಂದ ಗುರುತಿಸಲಾಗದು, ಅದಕ್ಕೆ ನಾಲಿಗೆಯೇ ಬೇಕು. ಚಿಟಿಕೆ ಹಚ್ಚಿದರೆ ಉಪ್ಪುಪ್ಪಾಗಿ ಕಡಿಯಬೇಕು. ನನ್ನ ಅವ್ವ ಮುದುಕಮ್ಮ ಬದುಕಿರುವತನಕ, ಟ್ರ್ಯಾಕ್ಟರು ಬಂದು ನಿಂತದ್ದೇ ತಡ, ತಂದವನು ಹೆತ್ತ ಮಗನೆಂದೂ ನೋಡದೆ ಮಣ್ಣನ್ನು ನಾಲಿಗೆಗೆ ಹಚ್ಚಿಯೇ ಇಳಿಸಿಕೊಳ್ಳುತ್ತಿದ್ದಳು. ಅವ್ವ ತೀರಿದ ವರ್ಷ ಆ ಚಿಟಿಕೆಯನ್ನು ನಾನೇ ಹಮೀದಾಬಿಯ ಮುಂದೆ ಹಿಡಿದೆ. ಅವರು ನನ್ನ ಕೈಯನ್ನು ಪಕ್ಕಕ್ಕೆ ಸರಿಸಿದರು.

"ನೀ ತಂದಿದ್ದನ್ನ ನಾ ನಾಲಿಗಿಗೆ ಹಚ್ಚಿ ನೋಡ್ಲ್ಯಾ? ಹಾಕು ನಡಿ ತಮ್ಮಾ."

ಒಂಬತ್ತು ವರ್ಷದಿಂದ ಹಾಗೆಯೇ ನಡೆದಿತ್ತು.

ಹೋದ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ನಾನು ಸ್ಲ್ಯಾಬ್ ಹಾಕಿಸಿದೆ. ಅದು ನನ್ನ ತಲೆಯ ಮೇಲೆ ಕೂತದ್ದರ ಜೊತೆಗೆ ತಲೆಗೂ ಏರಿತು ಎನ್ನಬೇಕು. ಮಳೆ ಬಂದರೆಷ್ಟು, ಬಿಟ್ಟರೆಷ್ಟು ಎಂಬ ಗತ್ತು. ಹಮೀದಾಬಿ ಮಾತ್ರ ಈ ಏಪ್ರಿಲ್‌ನಲ್ಲೇ ನೆನಪಿಸಿದರು. ಮಗಳು ಇಮಾಮಬಾನು ಬಾಣಂತನಕ್ಕೆ ಬಂದಿದ್ದಳು, ಮನೆಯಲ್ಲಿ ಇಪ್ಪತ್ತು ದಿನದ ಹೆಣ್ಣುಕೂಸು. "ಕೂಸು ಇರೋ ಮನಿ ಐತಿ ತಮ್ಮಾ. ಈ ಸಲ ಮಣ್ಣು ಒಂದೀಟು ದಪ್ಪ ಹಾಕೂನು" ಎಂದರು.

ಹಮೀದಾಬಿ ಹಳೆಯ ಸೀರೆಗಳಿಂದ ಕೌದಿ ಹೊಲಿಯುವವರು. ಮಣ್ಣು ಕೊಡುವ ಹುಲಗಮ್ಮನಿಗೆ ಬರಿಗೈ ತೋರಿಸಬಾರದೆಂದು ವರ್ಷವೂ ಏನಾದರೊಂದು ಕಳಿಸುತ್ತಿದ್ದರು. ಈ ಸಲ ಅವಳ ಮೊಮ್ಮಗನಿಗೆಂದು ಕೆಂಪು ಅಂಚಿನ ಸಣ್ಣ ಕೌದಿ ಹೊಲಿದಿದ್ದರು. ಮೂಲೆಯಲ್ಲಿ ಹಸಿರು ದಾರದ ಒಂದು ಗಿಣಿ. ಅದನ್ನು ಮಡಚಿ, ಚೀಲದಲ್ಲಿಟ್ಟು ನನ್ನ ಕೈಗೆ ಕೊಟ್ಟರು.

ಮೇ ತಿಂಗಳ ಒಂದು ಭಾನುವಾರ ನಮ್ಮೂರ ಹುಡುಗ ಯಂಕೇಶನ ಟ್ರ್ಯಾಕ್ಟರಿನಲ್ಲಿ ಹೊರಟೆವು. ಒಂಬತ್ತು ಗಂಟೆಗೇ ನೆತ್ತಿ ಸುಡುವ ಬಿಸಿಲು. ಊರು ದಾಟಿ ಸ್ವಲ್ಪ ದೂರದಲ್ಲಿ ಯಾರೋ ಪಾಯ ತೋಡಿ ರಸ್ತೆ ಪಕ್ಕ ಬೆಳ್ಳನೆಯ ಮಣ್ಣು ಗುಡ್ಡೆ ಹಾಕಿದ್ದರು. ಯಂಕೇಶ ಗಾಡಿ ನಿಧಾನ ಮಾಡಿದ.

"ಕಾಕಾ, ನೋಡಾಕ ಥೇಟ್ ಸವಳೇ ಐತಲ್ಲ. ಈ ಬಿಸಿಲಾಗ ಅಷ್ಟು ದೂರ ಹೋಗಿ ಯಾಕ ಸಾಯಬೇಕು?"

ಎಲ್ಲವನ್ನೂ ಯಂಕೇಶನ ತಲೆಗೆ ಕಟ್ಟಿ ನಾನು ಕೈ ತೊಳೆದುಕೊಳ್ಳಬಹುದು. ಆದರೆ ನಾನು ಬೇಡವೆಂದಿದ್ದರೆ ಅವನು ಸುಮ್ಮನೆ ಮುಂದೆ ಹೋಗುತ್ತಿದ್ದ. ನಾನು ಕೆಳಗಿಳಿದೆ. ಚಿಟಿಕೆ ಮಣ್ಣು ನಾಲಿಗೆಗೆ ಹಚ್ಚಿದೆ. ಸಪ್ಪಗಿತ್ತು. ಉಗುಳಿ, ಬಾಯಿ ಒರೆಸಿಕೊಂಡು, "ತುಂಬು" ಎಂದೆ. ಅದು ನನ್ನ ಮಾಳಿಗೆಗಾಗಿದ್ದರೆ ಹಾಗೆನ್ನುತ್ತಿರಲಿಲ್ಲ.

ಮಧ್ಯಾಹ್ನದ ಊಟದ ಹೊತ್ತಿಗೆ ಮಣ್ಣಿನ ಸಮೇತ ಓಣಿಗೆ ಬಂದೆವು. ಹಮೀದಾಬಿ ಬಾಗಿಲಿಗೆ ಬಂದರು.

"ಇಷ್ಟು ಲಗೂ ಬಂದ್ರ್ಯಾ?"

"ರೋಡು ಭಾಳ ಛಲೋ ಮಾಡ್ಯಾರ್ರಿ ಅಕ್ಕಾ."

"ಹುಲಗಮ್ಮಗ ಕೌದಿ ಹಿಡಿಸ್ತಾ?"

"ಭಾಳ ಹಿಡಿಸ್ತು. ಆ ಗಿಣಿ ನೋಡಿ ನಕ್ಕಾಳ, ನಕ್ಕಾಳ!"

ಅಷ್ಟು ಹೇಳುವ ಜರೂರು ಏನಿತ್ತೋ ನನಗೆ. ಹಿಡಿಸಿತು ಎಂದಿದ್ದರೆ ಸಾಕಿತ್ತು. ಹಮೀದಾಬಿಯ ಮುಖ ಅರಳಿತು, ಅವರು ಮಣ್ಣಿನ ಕಡೆ ತಿರುಗಿಯೂ ನೋಡಲಿಲ್ಲ. ಹೆಂಡತಿ ರೇಣುಕಾದೇವಿ ಆ ವಾರ ಕುಷ್ಟಗಿಯ ತವರಿಗೆ ಹೋಗಿದ್ದಳು. ಕೌದಿಯನ್ನು ಅಲ್ಮಾರಿಯ ಕೆಳಗಿನ ಖಾನೆಯಲ್ಲಿ, ಹಳೆಯ ಚಾದರಗಳ ಹಿಂದೆ ತುರುಕಿದೆ. ಮುಂದಿನ ವಾರ ಹೋಗಿ ಕೊಟ್ಟು ಬಂದರಾಯಿತು ಎಂದುಕೊಂಡೆ. ಆ ವಾರ ಬರಲೇ ಇಲ್ಲ.

ಎರಡು ದಿನ ಹಮೀದಾಬಿ ನೋಯುವ ಮೊಣಕಾಲಿನಲ್ಲೇ ಏಣಿ ಹತ್ತಿ ಇಳಿದು, ಕೂತಲ್ಲೇ ಸರಿಯುತ್ತಾ ಇಡೀ ಮಾಳಿಗೆಯನ್ನು ಬಡಿದರು. ನಾನು ನನ್ನ ಸ್ಲ್ಯಾಬಿನ ಮೇಲೆ ಚಹಾ ಹಿಡಿದು ನಿಂತು, "ಸಾಕು ಬಿಡ್ರಿ ಅಕ್ಕಾ, ಕಲ್ಲಾಗೈತಿ" ಎಂದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಬಡಿಯತೊಡಗಿದರು.

ಮಿರಗದ ಮಳೆ ನಾಲ್ಕು ಹನಿ ಉದುರಿಸಿ ಹೋಯಿತು. ಬಚಾವಾದೆ ಎಂದುಕೊಂಡೆ. ಜೂನ್ ಕೊನೆಯ ಭಾನುವಾರ ಮಧ್ಯಾಹ್ನ ಆರಿದ್ರಾ ಮಳೆ ಹಿಡಿಯಿತು. ಅರ್ಧ ತಾಸಿನಲ್ಲಿ ಓಣಿ ಹಳ್ಳವಾಯಿತು. ನಾನು ಹೊಸ ಸ್ಲ್ಯಾಬಿನ ಕೆಳಗೆ ಮಿರ್ಚಿ ಭಜಿ ತಿನ್ನುತ್ತಾ ಕೂತಿದ್ದೆ. ನಡುಗೋಡೆಯಾಚೆ ಇಮಾಮಬಾನು ಚೀರಿದಳು.

ಓಡಿದೆ. ಐದಾರು ಕಡೆ ಬೆಳ್ಳನೆಯ ಕೆಸರುನೀರು ಸುರಿಯುತ್ತಿತ್ತು. ಹೊಲಿಯಲು ಕೊಟ್ಟ ಮಂದಿಯ ಸೀರೆಗಳ ಗಂಟನ್ನು ಹಮೀದಾಬಿ ಮೂಲೆಯಿಂದ ಮೂಲೆಗೆ ಎಳೆಯುತ್ತಿದ್ದರು. "ಮೊದಲ ಕೂಸು ಎತ್ತು!" ಎಂದು ನಾನು ಕೂಗಿದೆ. ಇಮಾಮಬಾನು ಕೂಸನ್ನು ತೊಟ್ಟಿಲಿನಿಂದ ಎತ್ತಿ ಎರಡು ಹೆಜ್ಜೆ ಇಟ್ಟಿದ್ದಳೋ ಇಲ್ಲವೋ, ಎರಡು ಜಂತಿಗಳ ನಡುವಿನ ಹಲಗೆ ಮುರಿದು ಬುಟ್ಟಿಗಟ್ಟಲೆ ಮಣ್ಣು ತೊಟ್ಟಿಲ ಮೇಲೆ ಕುಸಿಯಿತು. ಹಗ್ಗ ಹರಿದು ತೊಟ್ಟಿಲು ನೆಲಕ್ಕೆ ಕೂತಿತು.

ಕೂಸು ಅಳುತ್ತಿತ್ತು. ಅಳುತ್ತಿತ್ತಲ್ಲ ಎಂದು ನಾನು ಸಾವಿರ ಸಲ ದೇವರಿಗೆ ಕೈ ಮುಗಿದೆ. ಎಲ್ಲರನ್ನೂ ನಮ್ಮ ಮನೆಗೆ ಕರೆತಂದೆ.

ಹಮೀದಾಬಿ ತೊಯ್ದ ಸೆರಗಿನಲ್ಲೇ ನೆಲಕ್ಕೆ ಕೂತು ತಮ್ಮ ಎರಡೂ ಅಂಗೈಗಳನ್ನು ನೋಡಿಕೊಂಡರು. "ನನ್ನ ಕೈ ಸೋತಾವು ತಮ್ಮಾ. ಬಡಿಯೋದು ಕಡಿಮಿ ಬಿತ್ತು. ಹುಲಗಮ್ಮ ಅಷ್ಟು ಛಲೋ ಮಣ್ಣು ಕೊಟ್ಟಿದ್ಲು, ನಾ ಹಾಳು ಮಾಡಿದ್ನಿ. ನನ್ನ ಕೈಯಾರೆ ಈ ಕೂಸು..."

ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಒಬ್ಬ ಹೆಣ್ಣುಮಗಳು ನನ್ನ ತಪ್ಪಿಗೆ ತನ್ನ ಕೈಗಳನ್ನು ಬಯ್ದುಕೊಳ್ಳುತ್ತಿದ್ದರೆ ನಾನು ಕಂಬದಂತೆ ನಿಂತಿದ್ದೆ. ಆ ಹೊತ್ತಿನ ನನ್ನನ್ನು ನೆನೆದರೆ ಈಗಲೂ ನನಗೇ ಹೇಸಿಗೆಯಾಗುತ್ತದೆ.

ಒಳಗೆ ರೇಣುಕಾದೇವಿ ಕೂಸಿಗೆ ಒಣ ಬಟ್ಟೆ ಹುಡುಕುತ್ತಾ ಅಲ್ಮಾರಿಯನ್ನೆಲ್ಲ ಕಿತ್ತು ಹಾಕುತ್ತಿದ್ದಳು. ನನಗೆ ಹೊಳೆಯುವಷ್ಟರಲ್ಲಿ ಅವಳು ಹೊರಗೆ ಬಂದಾಗಿತ್ತು.

"ಇದನ್ನ ಯಾವಾಗ ತಂದ್ರಿ? ಹೊಸಾದು ಐತಿ. ತಗೋ ಇಮಾಮಬಾನು, ಇದರಾಗ ಸುತ್ತು."

ಕೆಂಪು ಅಂಚು. ಹಸಿರು ಗಿಣಿ. ಇಮಾಮಬಾನು ಅಮ್ಮನ ಮುಖ ನೋಡಿದಳು. ಹಮೀದಾಬಿ ಕೈ ಚಾಚಿ ಆ ಗಿಣಿಯ ಮೇಲೆ ಬೆರಳಾಡಿಸಿದರು.

"ನೀ ಹುಲಗಮ್ಮನ ಊರಿಗೆ ಹೋಗಿಲ್ಲ."

"ಇಲ್ರಿ ಅಕ್ಕಾ."

"ಹಂಗಾದ್ರ ಆ ಮಣ್ಣು?"

"ರೋಡಿನ ಬಾಜೂಕ ಬಿದ್ದಿತ್ರಿ. ಯಾರದೋ ಪಾಯದ ಮಣ್ಣು. ಸಪ್ಪಗೈತಿ ಅಂತ ಗೊತ್ತಿದ್ದೂ ತಂದ್ನಿ." ಅಷ್ಟು ಹೇಳುವುದರೊಳಗೆ ನನಗೆ ಅಳು ಬಂತು.

ಹಮೀದಾಬಿ ಕೂಸಿಗೆ ಕೌದಿ ಸುತ್ತಿ, ತುದಿಯನ್ನು ಕುತ್ತಿಗೆಯ ಹತ್ತಿರ ಸರಿಯಾಗಿ ಸಿಕ್ಕಿಸಿದರು. ಯಾರಿಗೆಂದಿಲ್ಲದೆ, "ಹಂಗಾದ್ರ ನನ್ನ ಕೈ ಸೋತಿಲ್ಲ" ಎಂದರು. ಅಷ್ಟೇ. ಬಯ್ಯಲಿಲ್ಲ. ನನಗೆ ಬೈಗುಳ ಬೇಕಾಗಿತ್ತು. ರೇಣುಕಾದೇವಿ ಮಾತ್ರ ಆ ಕೊರತೆಯನ್ನು ವಾರಪೂರ್ತಿ ತುಂಬಿಕೊಟ್ಟಳು.

ಮುರಿದ ಕಡೆ ಹೊಸ ಹಲಗೆ ಹಾಕಿಸಿ, ಆ ಸಪ್ಪೆ ಮಣ್ಣನ್ನೆಲ್ಲ ನಾನೇ ಕೆರೆದು ಇಳಿಸಿ, ಮೇಲೆ ತಾಡಪತ್ರಿ ಬಿಗಿದೆ. ಮುಂದಿನ ಭಾನುವಾರ ಬಿಸಿಲು ಬಿತ್ತು. ಹುಲಗಮ್ಮನ ಊರಿಗೆ ಹೋದೆ. ಹೊಲದ ಬದುವಿನಲ್ಲಿ ಒಂದು ಗುಡ್ಡೆ ಮಣ್ಣು, ಮೇಲೆ ಪ್ಲಾಸ್ಟಿಕ್ಕು, ಅದರ ಮೇಲೆ ಕಲ್ಲು. "ಮೇದಾಗ ಕೆರೆದು ಇಟ್ಟಿದ್ನಿ ಅಣ್ಣಾ. ಇವತ್ತು ಬರ್ತಿ, ನಾಳೆ ಬರ್ತಿ ಅಂತ ಮುಚ್ಚಿಕೊಂಡು ಕುಂತೀನಿ. ಹಮೀದಾಬಿ ಅಕ್ಕನ ಮಾಳಿಗಿ ಸೋರಲಿಲ್ಲೇನು?" ಎಂದಳು. ಅವಳಿಗೂ ಎಲ್ಲ ಹೇಳಿದೆ. ಅವಳು ಒಂದು ಲೋಟ ನೀರು ಕೊಟ್ಟು ಸಲಿಕೆ ಎತ್ತಿಕೊಂಡಳು, ನನ್ನ ಕಡೆ ನೋಡಲಿಲ್ಲ.

ಸಂಜೆ ನಾಲ್ಕಕ್ಕೆ ಟ್ರ್ಯಾಕ್ಟರು ಓಣಿಯಲ್ಲಿ ನಿಂತಿತು. ಓಣಿಯವರೆಲ್ಲ ಕಟ್ಟೆಯ ಮೇಲಿದ್ದರು. ಹಮೀದಾಬಿ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಇಳಿದು ಬಂದರು. "ಹುಲಗಮ್ಮ ಕೊಟ್ಟಿದ್ದ್ರಿ ಅಕ್ಕಾ, ಖರೇನ" ಎಂದೆ. ಅವರು ತಲೆಯಾಡಿಸಿದರು. ಟ್ರೇಲರಿನೊಳಗೆ ಕೈ ಹಾಕಿ ಒಂದು ಚಿಟಿಕೆ ತೆಗೆದುಕೊಂಡರು. ನನ್ನ ಮುಖ ನೋಡಿದರು. ಆಮೇಲೆ ಅದನ್ನು ನಾಲಿಗೆಗೆ ಹಚ್ಚಿಕೊಂಡರು.

ಎಲ್ಲರ ಮುಂದೆ ನನ್ನ ಕಪಾಳಕ್ಕೆ ಹೊಡೆದಿದ್ದರೂ ತಡೆದುಕೊಳ್ಳುತ್ತಿದ್ದೆ.

"ಉಪ್ಪೈತಿ. ಹಾಕು" ಎಂದರು.

ನಾನು ಬುಟ್ಟಿ ತುಂಬಿಕೊಂಡು ಏಣಿ ಹತ್ತಿದೆ.