ಬೇಲಿ ದಾಟಿದ ಬಾಣ

ಆ ಬೀದಿಯ ಬಡಗಿ ಕೆಲಸದಲ್ಲಿ ಬಲು ಅಚ್ಚುಕಟ್ಟು. ಅಂಥವನಿಗೆ ಫೋನಿನಲ್ಲಿ ಕಂಡ ಕ್ರಾಸ್‌ಬೋ ಮೇಲೆ ಆಸೆ ಹುಟ್ಟಿತು. ಬಂದೂಕಿನಂಥ ಹಿಡಿಗೆ ಅಡ್ಡಲಾಗಿ ಬಿಲ್ಲು ಕೂರಿಸಿದ ಆಯುಧ ಅದು. ಟ್ರಿಗರ್ ಒತ್ತಿದರೆ ಬಾಣ ಚಿಮ್ಮುತ್ತದೆ. ತರಿಸಿಯೇಬಿಟ್ಟ. ಯಾರೂ ವಯಸ್ಸು ಕೇಳಲಿಲ್ಲ, ಲೈಸೆನ್ಸ್ ಕೇಳಲಿಲ್ಲ.

"ಯಾವ ರಾಜನ ಮೇಲೆ ದಂಡೆತ್ತಿ ಹೋಗ್ತೀರಿ?" ಹೆಂಡತಿ ನಕ್ಕಳು.

"ಆಟದ ಸಾಮಾನು ಕಣೇ. ಅಪಾಯ ಇದ್ದಿದ್ರೆ ಸರ್ಕಾರ ಸುಮ್ನೆ ಬಿಡ್ತಿತ್ತಾ?"

ರಜೆಯ ದಿನ ಬೆಳಗ್ಗೆ ಹೆಂಡತಿ ಅಂಗಡಿಗೆ ಹೋಗಿದ್ದಳು. ಬಡಗಿ ಹಿತ್ತಿಲಿನ ತಗಡಿನ ಬೇಲಿಗೆ ಹಲಗೆಯೊಂದನ್ನು ಒರಗಿಸಿ ಗುರಿ ಹಿಡಿದ. ಮೊದಲ ಬಾಣ ಹಲಗೆಗೆ ನಾಟಿತು. ಎರಡನೆಯದು ಗುರಿ ತಪ್ಪಿ ತಗಡನ್ನು ತೂರಿಕೊಂಡು ಹೋಯಿತು. ಆಚೆಯಿಂದ "ಅಯ್ಯೋ!" ಎಂಬ ಕೂಗು.

ಪಕ್ಕದ ಮನೆಯ ಟೈಲರ್ ಅಕ್ಕ ಒಗೆದ ಬಟ್ಟೆ ಹರವುತ್ತಿದ್ದವಳು ಕುಸಿದು ಕೂತಿದ್ದಳು. ಬಾಣ ಅವಳ ಬಲಗೈಗೆ, ಮಣಿಕಟ್ಟಿನ ಮೇಲೆ ನಾಟಿತ್ತು. ಓಡಿಬಂದ ಬಡಗಿಗೆ ಹೊಳೆದದ್ದು ಒಂದೇ: ಯಾರಾದರೂ ನೋಡಿಬಿಟ್ಟರೆ? ಬಾಣ ಹಿಡಿದು ಕಿತ್ತೇಬಿಟ್ಟ. ರಕ್ತ ಬುಳುಬುಳು ಹರಿಯಿತು.

"ಏನು ಚುಚ್ಚಿದ್ದು?" ಆಸ್ಪತ್ರೆಯಲ್ಲಿ ನರ್ಸ್ ಕೇಳಿದಳು.

"ಕಬ್ಬಿಣದ ಸರಳು," ಎಂದ ಬಡಗಿ. ಅಕ್ಕ ಅವನ ಮುಖವನ್ನೇ ನೋಡಿದಳು. ಬಾಯಿ ಬಿಡಲಿಲ್ಲ.

ತಿಂಗಳು ಕಳೆಯಿತು. ಗಾಯ ಮಾಯಿತು, ಬೆರಳುಗಳನ್ನು ಮಾತ್ರ ಮಡಚಲಾಗಲಿಲ್ಲ. ಬೇಲಿಯಾಚೆ ಹೊಲಿಗೆ ಯಂತ್ರದ ಸದ್ದು ನಿಂತುಹೋಯಿತು. ಕೊನೆಗೆ ಬಡಗಿ ಹೆಂಡತಿಯ ಮುಂದೆ ಎಲ್ಲ ಹೇಳಿಕೊಂಡ.

ಅವಳು ಕೂಗಾಡಲಿಲ್ಲ. "ದಿನಾ ಆ ಮನೆಗೆ ಹೋಗಿ ಸರಳಿಗೆ ಶಾಪ ಹಾಕಿ ಬರ್ತಿದ್ದೆ. ಅಕ್ಕ ಸುಮ್ನೆ ಕೇಳಿಸ್ಕೋತಿದ್ರು. ಇನ್ಯಾವ ಮುಖ ಇಟ್ಕೊಂಡು ಹೋಗ್ಲಿ?" ಎಂದಳಷ್ಟೆ. ಅವಳು ಬೈದಿದ್ದರೆ ವಾಸಿಯಿತ್ತು ಅನಿಸಿತು ಅವನಿಗೆ.

ಮರುದಿನ ಅಕ್ಕನ ಜೊತೆ ಇಬ್ಬರೂ ಆಸ್ಪತ್ರೆಗೆ ಹೋದರು. ಬಡಗಿ ತಲೆ ತಗ್ಗಿಸಿ ನಿಜ ಹೇಳಿದ.

"ಕೀಳಬಾರದಿತ್ತು," ಎಂದಳು ನರ್ಸ್. "ಬಾಣ ಒಳಗೇ ಬಿಟ್ಟು, ಅಲುಗಾಡದ ಹಾಗೆ ಸುತ್ತ ಬಟ್ಟೆ ಇಟ್ಟು ಕಟ್ಟಿ ತರಬೇಕಿತ್ತು. ಕಿತ್ತಾಗ ನರಕ್ಕೆ ಇನ್ನಷ್ಟು ಪೆಟ್ಟಾಗಿದೆ. ಇಂಥ ಬಿಲ್ಲಿಗೆಲ್ಲ ಲೈಸೆನ್ಸ್ ಇರ್ಬೇಕು."

"ತಪ್ಪು ನನ್ನದು ಸಿಸ್ಟರ್. ಆದ್ರೆ ನನ್ನ ಹತ್ರ ಉಳಿ ಇದೆ, ಗರಗಸ ಇದೆ. ಅದಕ್ಕೂ ಲೈಸೆನ್ಸ್ ಕೇಳ್ತೀರಾ?"

"ನಿಮ್ಮ ಉಳಿ ಬೇಲಿ ದಾಟಿ ಹೋಗುತ್ತಾ? ಬಂದೂಕಾದ್ರೆ ಸದ್ದಾದ್ರೂ ಮಾಡುತ್ತೆ. ಇದು ಬರೋದೇ ಗೊತ್ತಾಗಲ್ಲ."

ಅಲ್ಲಿಯವರೆಗೆ ಮಾತಾಡದ ಅಕ್ಕ ಆಗ ಹೇಳಿದಳು: "ಬಾಣ ಬಿದ್ದಿದ್ದು ಕೈತಪ್ಪು ಅಂತ ಬಿಟ್ಬಿಡ್ತೀನಪ್ಪಾ. ಕಿತ್ತೆಯಲ್ಲ, ಅದು ನನ್ನ ಕೈ ಉಳಿಸೋಕಲ್ಲ, ನಿನ್ನ ಮಾನ ಉಳಿಸೋಕೆ. ನಿನ್ನ ಹೆಂಡ್ತಿ ಮುಖ ನೋಡಿ ಸುಮ್ನಿದ್ದೆ."

ನೆಲ ಬಾಯಿ ಬಿಡಬಾರದೇ ಅನಿಸಿತು ಬಡಗಿಗೆ.

ಮನೆಗೆ ಹೋಗಿ ಕ್ರಾಸ್‌ಬೋ ತೆಗೆದುಕೊಂಡು ನೇರ ಪೊಲೀಸ್ ಠಾಣೆಗೆ ಹೋಗಿ ನಡೆದದ್ದನ್ನು ಬರೆದುಕೊಟ್ಟ, ಬಿಲ್ಲನ್ನು ಮೇಜಿನ ಮೇಲಿಟ್ಟ. ಅಧಿಕಾರಿ ಅದನ್ನು ತಿರುಗಿಸಿ ನೋಡಿದರು. "ಬಂದೂಕು ಇಟ್ಕೊಂಡವರ ಹೆಸರು ಬರೆಯೋಕೆ ಒಂದು ಪುಸ್ತಕ ಇದೆ. ಇದನ್ನ ಎಲ್ಲಿ ಬರ್ಕೊಳ್ಳಲಿ? ಎಷ್ಟು ಮನೇಲಿ ಇದೆಯೋ ನಮಗೇ ಗೊತ್ತಿಲ್ಲ."

ಆ ಮಾತು ಬಡಗಿಯನ್ನು ಕೂರಲು ಬಿಡಲಿಲ್ಲ. ವಾರ್ಡಿನ ಸಭೆಯಲ್ಲಿ ಎದ್ದು ನಿಂತ. ತಾನು ಬಾಣ ಬಿಟ್ಟದ್ದು, ಕಿತ್ತದ್ದು, ಸುಳ್ಳು ಹೇಳಿದ್ದು, ಒಂದನ್ನೂ ಬಿಡದೆ ಹೇಳಿದ. ಬಳಿಕ ಹೆಂಡತಿ ಮನವಿ ಓದಿದಳು: ಕ್ರಾಸ್‌ಬೋ ಆಯುಧವೆಂದು ಕಾನೂನು ಒಪ್ಪಲಿ, ಕೊಳ್ಳುವವರ ಹೆಸರು ದಾಖಲಾಗಲಿ, ಮಕ್ಕಳಿಗೆ ಮಾರುವುದು ನಿಲ್ಲಲಿ. ಮೊದಲ ಸಹಿ ಅಕ್ಕನದು. ಎಡಗೈಯಲ್ಲಿ ಹಾಕಿದಳು.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಇಂಥ ಬಿಲ್ಲು ಇದೆಯೇ? ಇಂದೇ ಬೀಗ ಹಾಕಿ. ನಿಮ್ಮ ಕಡೆ ನಿಯಮ ಏನಿದೆ ಎಂದು ಠಾಣೆಯಲ್ಲಿ ವಿಚಾರಿಸಿ. ಇಲ್ಲದಿದ್ದರೆ ಬೇಕೆಂದು ಕೇಳಿ. ಬಡಗಿ ಈಗಲೂ ಪ್ರತಿದಿನ ಅಕ್ಕನ ಬಟ್ಟೆ ಹರವಿಕೊಟ್ಟು ಬರುತ್ತಾನೆ. ತಲೆ ಎತ್ತುವುದಿಲ್ಲ. ಆ ಪಾಡು ನಿಮಗೆ ಬೇಡ.